ಬಿ ಅಂದರೆ ಬಿಚ್ಚು

ಬೇಯಿಸಿದ ಮೊಟ್ಟೆಯನ್ನು ಬಾಯಿಗಿಟ್ಟು ಎರಡು ಸಲ ಅಗಿದಳೋ ಇಲ್ಲವೋ, ಜೇನಕ್ಕನ ಬಾಯಿ ತುಂಬ ನೊರೆ ಬಂತು. ಎದ್ದುಬಿದ್ದು ಹಿತ್ತಿಲ ನಲ್ಲಿಗೆ ಓಡಿದಳು. ಮುಕ್ಕಳಿಸಿದಳು, ಉಗುಳಿದಳು, ನಾಲಿಗೆಯನ್ನು ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಮುಕ್ಕಳಿಸಿದಳು.

"ಉಪ್ಪಿನ ಡಬ್ಬಿ ಯಾರೇ ಮುಟ್ಟಿದ್ದು?"

ಮನೆಯಲ್ಲಿ ಇದ್ದವರೇ ಇಬ್ಬರು. ಮುಟ್ಟಿದವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಜೇನಕ್ಕನ ಅಣ್ಣನ ಮಗಳು. ಡಿಗ್ರಿ ಮುಗಿಸಿ, ಜೇನುಪೆಟ್ಟಿಗೆಗಳ ಲೆಕ್ಕ ಬರೆಯುತ್ತೇನೆ ಎಂದು ಅತ್ತೆಯ ಮನೆಗೆ ಬಂದವಳು ಇಲ್ಲೇ ಉಳಿದಿದ್ದಳು. ಅವಳ ಮಾತು ಕೇಳಬೇಕಾದರೆ ಹತ್ತಿರ ಹೋಗಿ ಕಿವಿಯಾನಿಸಬೇಕು.

"ನಿನ್ನೆ ಹಲಗೆ ಒರೆಸ್ದೆ ಅತ್ತೆ. ಎರಡು ಡಬ್ಬಿ ಮೇಲೂ ಉ ಅಂತಾನೇ ಇತ್ತು."

"ಉ ಅಂದ್ರೆ ಉಪ್ಪು ಕಣೇ!"

"ಉಜ್ಜೋ ಪುಡಿಗೂ ನೀವು ಉ ಅಂತಾನೇ ಬರ್ದಿದ್ದೀರಿ."

"ಮೇಲಿನ ಹಲಗೆ ಉ ಉಪ್ಪು, ಕೆಳಗಿನ ಹಲಗೆ ಉ ಉಜ್ಜೋ ಪುಡಿ. ಇದನ್ನೂ ಬಾಯಿಬಿಟ್ಟು ಹೇಳ್ಬೇಕಾ? ಡಿಗ್ರಿ ಬೇರೆ ಮಾಡಿದೀಯ!"

ಒಂದೇ ಅಕ್ಷರ ಬರೆಯುವುದು ಆ ಮನೆತನದ ಚಾಳಿ. ಜೇನಕ್ಕನ ತಾಯಿ ಶುರುಮಾಡಿದ್ದು. ಡಬ್ಬಿಗೊಂದು, ಬೀಗದ ಕೈಗೊಂದು, ಮಕ್ಕಳ ಚಡ್ಡಿಗೊಂದು ಅಕ್ಷರ. ಪೂರ್ತಿ ಪದ ಬರೆಯುವುದು ಹೊರಗಿನವರಿಗೆ, ಮನೆಯವರಿಗೆ ಒಂದಕ್ಷರ ಸಾಕು ಅನ್ನುವುದು ಆಕೆಯ ಮಾತು. ಮಗಳು ಅದನ್ನು ಅಡುಗೆಮನೆಯಲ್ಲಿ ಮುಂದುವರಿಸಿದಳು. ಮಗ ಮೆಕ್ಯಾನಿಕ್ ಆದ, ಗ್ಯಾರೇಜಿನಲ್ಲಿ ಮುಂದುವರಿಸಿದ.

ಬೇರೆ ದಿನವಾಗಿದ್ದರೆ ಈ ಉಪ್ಪಿನ ಜಗಳ ಮಧ್ಯಾಹ್ನದವರೆಗೆ ಎಳೆಯುತ್ತಿತ್ತು. ಅವತ್ತು ಜೇನಕ್ಕನಿಗೆ ಪುರುಸೊತ್ತಿರಲಿಲ್ಲ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹದಿನಾಲ್ಕು ವರ್ಷ ಬೇಲಿ ಬದಿಯ ಹೂವು, ರಸ್ತೆ ಬದಿಯ ಹೂವು ಎಂದು ಜೇನು ಸಾಕಿಕೊಂಡು ಬಂದವಳಿಗೆ ಮೊದಲ ಸಲ ದೊಡ್ಡ ಹೊಲ ಸಿಕ್ಕಿತ್ತು. ಗುಡ್ಡದ ಆಚೆ ಕಣ್ಣು ಹಾಯುವವರೆಗೂ ಸೂರ್ಯಕಾಂತಿ. ಮೊನ್ನೆ ಮೊಗ್ಗಾಗಿದ್ದದ್ದು ನಿನ್ನೆ ಅರ್ಧಕ್ಕರ್ಧ ಅರಳಿ ನಿಂತಿತ್ತು. ಹೊಲದ ಯಜಮಾನ ಕಡ್ಡಿ ಮುರಿದಂತೆ ಹೇಳಿದ್ದ: "ನಾಡಿದ್ದು ಬೆಳಗಾಗೋ ಹೊತ್ತಿಗೆ ನಿಮ್ಮ ನಲವತ್ತು ಪೆಟ್ಟಿಗೆ ಇಲ್ಲಿರ್ಬೇಕು. ಇಲ್ದಿದ್ರೆ ಇನ್ನೊಬ್ರು ಕಾದು ಕೂತಿದ್ದಾರಮ್ಮ. ಹೂವು ಯಾರಿಗೂ ಕಾಯಲ್ಲ."

ಅವನ ಹೊಲ ನೋಡಿಕೊಂಡು ವಾಪಸ್ಸು ಬರುವಾಗಲೇ ಪಿಕಪ್ಪು ಕೈಕೊಟ್ಟಿತ್ತು. ಗುಡ್ಡದ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಅಂಟಿಕೊಂಡಿತು. ಖಾಲಿ ಗಾಡಿಗೇ ಹೀಗಾದರೆ ನಲವತ್ತು ಪೆಟ್ಟಿಗೆ ಹೊತ್ತು ಹತ್ತುವುದೆಲ್ಲಿ ಬಂತು! ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ ಫ್ಯಾನನ್ನು ಬೆರಳಿನಿಂದ ತಳ್ಳಿದಳು. ಮಕ್ಕಳ ಗಿರಗಿಟ್ಲೆಯ ಹಾಗೆ ಸರ್ರನೆ ತಿರುಗಿತು. ಅಷ್ಟು ಬಿಸಿ ಎಂಜಿನ್ನಿನ ಮುಂದೆ ಫ್ಯಾನು ಹಾಗೆ ತಿರುಗಬಾರದು. ಬಿಗಿಯಾಗಿರಬೇಕು. ಫ್ಯಾನ್ ಕ್ಲಚ್ ಹೋಗಿತ್ತು. ನಿಲ್ಲಿಸಿ ತಣಿಸಿ, ನಿಲ್ಲಿಸಿ ತಣಿಸಿ ಹೇಗೋ ಮನೆ ಮುಟ್ಟಿಸಿದ್ದಳು.

ಫ್ಯಾನ್ ಕ್ಲಚ್ ಅಂದರೆ ಅಂಗೈಗಿಂತ ದೊಡ್ಡದಾದ ದುಂಡನೆಯ ಲೋಹದ ಡಬ್ಬಿ. ವಾಟರ್ ಪಂಪಿನ ದಂಡದ ತುದಿಗೆ ದೊಡ್ಡ ನಟ್ಟಿನಿಂದ ತಿರುಚಿಕೊಂಡು ಕೂತಿರುತ್ತದೆ. ಫ್ಯಾನಿನ ರೆಕ್ಕೆಗಳು ಅದರ ಮೈಗೆ ಅಂಟಿಕೊಂಡಿರುತ್ತವೆ. ಎಂಜಿನ್ ತಣ್ಣಗಿದ್ದಾಗ ರೆಕ್ಕೆಗಳನ್ನು ಸಡಿಲ ಬಿಟ್ಟು, ಬಿಸಿಯಾದಾಗ ಗಟ್ಟಿಯಾಗಿ ಹಿಡಿದು ಸುತ್ತಿಸುವುದು ಅದರ ಕೆಲಸ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದರೆ ಮುಗಿಯಿತು. ಹೊಸದನ್ನು ಹುಡುಗಿ ಉಪ್ಪಿನ ಜಗಳ ಮುಗಿದದ್ದೇ ಬಸ್ಸು ಹಿಡಿದು ಹೋಗಿ, ಮೂರು ಅಂಗಡಿ ಸುತ್ತಿ, ಮಧ್ಯಾಹ್ನ ಹನ್ನೆರಡಕ್ಕೆ ತಂದುಕೊಟ್ಟಳು.

ಬಾಡಿಗೆ ಗಾಡಿ ಕೇಳಲಿಲ್ಲವೆಂದಲ್ಲ. ಜೇನಕ್ಕ ಐದು ಜನಕ್ಕೆ ಫೋನ್ ಮಾಡಿದ್ದಳು. ಏನು ಲೋಡು ಅಕ್ಕಾ ಎಂದು ಕೇಳಿ, ಜೇನು ಎಂದ ತಕ್ಷಣ ಐವರ ಫೋನೂ ಕಟ್ಟಾಗಿತ್ತು.

ಇನ್ನು ಉಳಿದದ್ದು ಅಣ್ಣ. ಅರ್ಧ ಗಂಟೆಯ ದಾರಿಯಲ್ಲಿ ಅವನ ಗ್ಯಾರೇಜಿತ್ತು. ಈ ಪಿಕಪ್ಪೂ ಅವನದೇ ಆಗಿತ್ತು. ಎರಡು ವರ್ಷದ ಹಿಂದೆ ಕೀ ಕೈಗೆ ಕೊಡುವಾಗ ಸುಮ್ಮನೆ ಕೊಡದೆ, "ಇದನ್ನ ಸಾಕೋದು ನಿನ್ನ ಕೈಲಾಗೋ ಕೆಲ್ಸ ಅಲ್ಲ. ವರ್ಷ ತುಂಬೋದ್ರೊಳಗೆ ನನ್ನ ಬಾಗಿಲಿಗೆ ತಳ್ಳಿಕೊಂಡು ಬರ್ತೀಯ" ಅಂದಿದ್ದ. ನಾಲ್ಕು ಜನರ ಮುಂದೆ. ಜೇನಕ್ಕ ಉರಿದುಹೋದಳು. "ಈ ಗಾಡಿ ವಿಷಯಕ್ಕೆ ನಿನ್ನ ಬಾಗಿಲಿಗೆ ಬಂದ್ರೆ, ನಿನ್ನ ತಂಗಿ ಅಂತ ಕರೀಬೇಡ ನನ್ನ." ಅಲ್ಲಿಂದ ಮಾತು ನಿಂತಿತು. ಎಣ್ಣೆ ಬದಲಾಯಿಸಿದಳು, ಬೆಲ್ಟು ಬದಲಾಯಿಸಿದಳು, ಬ್ರೇಕ್ ಪ್ಯಾಡು ಹಾಕಿದಳು. ಎಲ್ಲ ತಾನೇ ಕಲಿತು ತಾನೇ ಮಾಡಿದಳು. ಬಾಗಿಲಿಗೆ ಹೋಗಲಿಲ್ಲ.

"ಒಂದು ಮಾತು ಅಪ್ಪಂಗೆ ಕೇಳ್ಲಾ?" ಎಂದಳು ಹುಡುಗಿ, ಹೊಸ ಕ್ಲಚ್ಚಿನ ಡಬ್ಬ ಬಿಚ್ಚುತ್ತ.

"ಕೇಳಿದ್ರೆ ನಿನ್ನನ್ನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ತೀನಿ."

ಹುಡುಗಿ ಡಬ್ಬದಿಂದ ಕ್ಲಚ್ಚು ಹೊರತೆಗೆದಳು.

ಕೆಲಸ ಶುರುವಾಯಿತು. ರೇಡಿಯೇಟರಿಗೆ ಪೆಟ್ಟು ಬೀಳದಂತೆ ಎರಡು ರಟ್ಟು ಅಡ್ಡ ಇಟ್ಟರು. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಮುಚ್ಚಿಗೆಯ ಮೇಲರ್ಧ ಬಿಚ್ಚಿದರು. ಜೇನಕ್ಕ ಬಗ್ಗಿ ನೋಡಿದಳು. ದೊಡ್ಡ ನಟ್ಟು, ಮೂಲೆಗಳೆಲ್ಲ ಸರಿಯಾಗಿದ್ದವು. ಆದರೆ ಯಾವ ಕಡೆಗೆ ತಿರುಗಿಸಬೇಕು?

ಅದಕ್ಕೆ ಉತ್ತರ ಕಣ್ಣಮುಂದೆಯೇ ಇತ್ತು. ಅಣ್ಣ ಗಾಡಿಯ ಮೈತುಂಬ ಬಿಳಿ ಬಣ್ಣದಲ್ಲಿ ಅಕ್ಷರ ಬರೆದಿದ್ದ. ಎಣ್ಣೆಯ ಮುಚ್ಚಳದ ಮೇಲೆ ಎ. ನೀರಿನ ಡಬ್ಬಿಯ ಮೇಲೆ ನೀ. ಹಾಗೆಯೇ ರೇಡಿಯೇಟರಿನ ಮೇಲಿನ ಪಟ್ಟಿಯ ಮೇಲೆ, ಫ್ಯಾನಿನ ನೆತ್ತಿಗೆ ಸರಿಯಾಗಿ, ಗಡಿಯಾರದ ಮುಳ್ಳು ಹೋಗುವ ಕಡೆಗೆ ಬಾಗಿದ ಒಂದು ಬಾಣ. ಬಾಣದ ಪಕ್ಕ ಒಂದಕ್ಷರ: ಬಿ.

"ಬಿ ಅಂದ್ರೆ ಬಿಚ್ಚು," ಎಂದಳು ಜೇನಕ್ಕ. ಖುಷಿಯಿಂದ ಕೈ ಉಜ್ಜಿಕೊಂಡಳು. "ನೋಡು, ಯಾರನ್ನೂ ಕೇಳೋದೇ ಬೇಕಾಗಿಲ್ಲ. ಬಾಣದ ಕಡೆ ತಿರುಗಿಸು, ಕೈಗೆ ಬರುತ್ತೆ."

ಕೈಗೆ ಬರಲಿಲ್ಲ. ಸ್ಪ್ಯಾನರ್ ಹಾಕಿ ಬಾಣದ ಕಡೆಗೆ ಒತ್ತಿದರೆ ನಟ್ಟಿನ ಜೊತೆಗೆ ಪಂಪಿನ ಪುಲ್ಲಿಯೂ, ಪುಲ್ಲಿಯ ಜೊತೆಗೆ ಬೆಲ್ಟೂ ಮೆಲ್ಲಗೆ ಜಾರಿಕೊಂಡು ಸುತ್ತಿದವು. ಹುಡುಗಿ ಎರಡೂ ಕೈಯಲ್ಲಿ ಬೆಲ್ಟು ಒತ್ತಿ ಹಿಡಿದಳು. ಆಗಲೂ ಸುತ್ತಿತು.

"ಮದುವೆ ಮೆರವಣಿಗೆ ಥರ ಎಲ್ಲಾ ಒಟ್ಟಿಗೇ ಹೋಗ್ತಾ ಇದಾವಲ್ಲೇ!"

ಅಷ್ಟು ಹೊತ್ತಿಗೆ ಪಕ್ಕದ ಶೆಡ್ಡಿನ ವೆಲ್ಡರ್ ಕನ್ನಡಕ ಹಣೆಗೇರಿಸಿಕೊಂಡು ಗೋಡೆಯ ಮೇಲಿಂದ ಇಣುಕಿದ. ಬೇರೆಯವರ ಕೆಲಸ ಕಂಡರೆ ಅವನಿಗೆ ಕೈ ತುರಿಕೆ.

"ಏನಕ್ಕಾ, ರಾಣಿಹುಳ ಇವತ್ತು ಬಾನೆಟ್ ಒಳಗೆ ಗೂಡು ಕಟ್ತಾ ಇದೆ?"

"ಹಲ್ಲು ಕಿರಿಯೋದು ಬಿಟ್ಟು ಈ ಕಡೆ ಬಾ. ಫ್ಯಾನ್ ಕ್ಲಚ್ ಬಿಚ್ಬೇಕು. ಕತ್ತಲಾಗೋದ್ರೊಳಗೆ."

ಬಂದ. ನೋಡಿದ. ಗಲ್ಲ ಕೆರೆದುಕೊಂಡ. ಬಾಣ ನೋಡಿ ತಲೆಯಾಡಿಸಿದ. "ಹೌದಕ್ಕಾ, ಸರಿಯಾಗೇ ಬರ್ದಿದ್ದಾರೆ. ಫ್ಯಾನಿಗೆಲ್ಲ ಉಲ್ಟಾ ಥ್ರೆಡ್ಡೇ ಇರೋದು, ಬಿಚ್ಚೋದೂ ಉಲ್ಟಾ ಕಡೆಗೇ. ಪುಲ್ಲಿ ಹಿಡ್ಕೊಳ್ಳೋಕೆ ಒಂದು ಪಟ್ಟಿ ಬೇಕು, ಅಷ್ಟೇ. ತಡೀರಿ."

ಅವನು ಹೋಗಿ ಅರ್ಧ ಗಂಟೆಯಲ್ಲಿ ತೋಳುದ್ದದ ಕಬ್ಬಿಣದ ಪಟ್ಟಿ ತಂದ. ತುದಿಯಲ್ಲಿ ಎರಡು ಕಚ್ಚು ಕೊಯ್ದಿದ್ದ. ಪುಲ್ಲಿಯ ಎರಡು ಬೋಲ್ಟ್ ತಲೆಗಳಿಗೆ ಆ ಕಚ್ಚುಗಳು ಅಳತೆಗೆ ಹೊಲಿಸಿದ ಅಂಗಿಯ ಹಾಗೆ ಕೂತವು. ಈಗ ಪುಲ್ಲಿ ಅಲುಗಾಡುವಂತಿಲ್ಲ. ವೆಲ್ಡರ್ ಪಟ್ಟಿ ಹಿಡಿದ. ಜೇನಕ್ಕ ಸ್ಪ್ಯಾನರಿನ ಹಿಡಿಗೆ ಸುತ್ತಿಗೆಯಿಂದ ಬಾಣದ ಕಡೆಗೆ ಒಂದು ಬಿಟ್ಟಳು. ಟಣ್! ಇನ್ನೊಂದು. ಟಣ್! ಹತ್ತು. ಇಪ್ಪತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದರು. ಮತ್ತೆ ಹೊಡೆದರು. ಸ್ಪ್ಯಾನರಿಗೆ ನೀರಿನ ಪೈಪು ಸಿಕ್ಕಿಸಿ ಉದ್ದ ಮಾಡಿಕೊಂಡು ಇಬ್ಬರೂ ಜೋತುಬಿದ್ದರು. ಸ್ಪ್ಯಾನರ್ ಜಾರಿ ಜೇನಕ್ಕನ ಬೆರಳಿನ ಗೆಣ್ಣು ಕಿತ್ತುಹೋಯಿತು. ನಟ್ಟು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಇದೇನು ನಟ್ಟೋ ಅಥವಾ ನಿಮ್ಮಣ್ಣನೋ?" ಎಂದ ವೆಲ್ಡರ್, ಬೆವರು ಒರೆಸುತ್ತ.

"ಬಾಯಿ ಮುಚ್ಚಿ ಪಟ್ಟಿ ಹಿಡಿ."

ಗಂಟೆ ಮೂರಾಯಿತು. ಮೂರೂವರೆಯಾಯಿತು. ಹಿತ್ತಿಲಲ್ಲಿ ಜೇನುಹುಳಗಳು ಏನೂ ತಿಳಿಯದವರಂತೆ ಹೋಗಿ ಬಂದು ಮಾಡುತ್ತಿದ್ದವು. ಬಿಸಿಲು ಇಳಿದು, ಕೊನೆಯ ಹುಳ ಗೂಡು ಸೇರಿದ ಮೇಲೆ ಬಾಗಿಲಿಗೆ ಜಾಲರಿ ಹೊಡೆದು ಪೆಟ್ಟಿಗೆ ಹೇರಬೇಕು. ಅಂದರೆ ಆರೂವರೆ. ಅಷ್ಟರಲ್ಲಿ ಗಾಡಿ ಸಿದ್ಧವಾಗಿರಬೇಕು.

ಹುಡುಗಿ ಮೆಟ್ಟಿಲ ಮೇಲೆ ಕೂತು ಹೊಸ ಕ್ಲಚ್ಚನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಒಂದು ಕೈಯಲ್ಲಿ ನೀರಿನ ಬಾಟಲಿಯ ಮುಚ್ಚಳ. ಒಮ್ಮೆ ಮುಚ್ಚಳದ ಒಳಗೆ ನೋಡುವಳು, ಒಮ್ಮೆ ಕ್ಲಚ್ಚಿನ ನಟ್ಟಿನ ಒಳಗೆ ನೋಡುವಳು. ಕೊನೆಗೆ ಎದ್ದು ಬಂದು ಅತ್ತೆಯ ಪಕ್ಕ ನಿಂತಳು.

"ಅತ್ತೆ."

"ಏನು?"

"ಇದರ ಒಳಗಿನ ಗೆರೆ ಮುಚ್ಚಳದ ಗೆರೆ ಥರಾನೇ ವಾಲಿದೆ. ಮುಚ್ಚಳ ತೆಗೆಯೋಕೆ ನಾವು ಬಾಣಕ್ಕೆ ಉಲ್ಟಾ ಕಡೆಗಲ್ವಾ ತಿರುಗಿಸೋದು? ಇದೂ ಮಾಮೂಲಿ ಥ್ರೆಡ್ಡೇ ಇರ್ಬೇಕು."

"ಅದು ಹೊಸದಮ್ಮಾ. ಹಳೇದು ಬೇರೆ ಇರುತ್ತೆ," ಎಂದ ವೆಲ್ಡರ್.

"ಅದೇ ದಂಡದ ಮೇಲೆ ತಾನೇ ಇದೂ ಕೂರ್ಬೇಕು?"

ವೆಲ್ಡರ್ ಕನ್ನಡಕ ಒರೆಸಿಕೊಳ್ಳುವುದರಲ್ಲಿ ಮಗ್ನನಾದ. ಜೇನಕ್ಕನಿಗೆ ಮಾತ್ರ ರೇಗಿತು. ಎಲ್ಲಿಂದ ಅಷ್ಟು ಸಿಟ್ಟು ಬಂತೋ ಅವಳಿಗೇ ತಿಳಿಯಲಿಲ್ಲ. ಬಿಳಿ ಬಾಣದ ಮೇಲೆ ಗೆಣ್ಣಿನ ರಕ್ತ ಅಂಟುವಂತೆ ಬೆರಳಿಟ್ಟು ಹೇಳಿದಳು:

"ಅಂಗಡಿಯವನು ತಪ್ಪು ಸಾಮಾನು ಕೊಟ್ಟಿರ್ಬಹುದು. ಇದು ಕೊಟ್ಟೋನು ಯಾರು? ನಿಮ್ಮಪ್ಪ. ಅವನಿಗೆ ಬಾಯಿ ಉದ್ದ, ಮೂಗಿನ ತುದೀಲಿ ಕೋಪ, ಅದೆಲ್ಲಾ ಇರ್ಲಿ. ಆದ್ರೆ ಅವನು ಗಾಡಿ ಮೇಲೆ ಹಾಕಿದ ಗುರುತು ಇವತ್ತಿನವರೆಗೆ ಸುಳ್ಳಾಗಿಲ್ಲ. ತಿಳೀತಾ?"

ಹುಡುಗಿ ಅತ್ತೆಯ ಮುಖವನ್ನೇ ನೋಡಿದಳು. ಎರಡು ವರ್ಷದಲ್ಲಿ ಅಪ್ಪನ ಬಗ್ಗೆ ಅತ್ತೆಯ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಅದೂ ಬೈಗುಳದ ದನಿಯಲ್ಲಿ.

ನಾಲ್ಕೂವರೆಗೆ ವೆಲ್ಡರನ ತಾಳ್ಮೆ ಮುಗಿಯಿತು. "ಇನ್ನು ಒಂದೇ ದಾರಿ ಅಕ್ಕಾ. ಬೆಂಕಿ. ನಟ್ಟು ಕೆಂಪಗಾಗೋವರೆಗೆ ಕಾಯಿಸಿದ್ರೆ ಎಂಥಾ ಜಿಗುಟಾದ್ರೂ ಬಿಡುತ್ತೆ."

"ಪಂಪಿನೊಳಗೆ ರಬ್ಬರ್ ಇದೆಯಲ್ಲೋ. ಸುಟ್ಟುಹೋದ್ರೆ?"

"ಹೋದ್ರೆ ಹೋಯ್ತು, ಪಂಪ್ ಬೇರೆ ಹಾಕಿದ್ರಾಯ್ತು."

"ಇವತ್ತು ಯಾರು ಹಾಕ್ತಾರೆ, ನಿಮ್ಮ ತಾತಾನಾ?"

"ಹಂಗಾದ್ರೆ ನೀವೇ ಹೇಳಿ, ಬೇರೆ ಏನಿದೆ?"

ಜೇನಕ್ಕ ಗೋಡೆಯಾಚೆಗಿನ ಬಿಸಿಲು ನೋಡಿದಳು. ಅದು ಆಗಲೇ ಶೆಡ್ಡಿನ ತಗಡಿನಿಂದ ಕೆಳಗಿಳಿದು ಗೋಡೆಗೆ ಬಂದಿತ್ತು. ಗುಡ್ಡದಾಚೆ ಅರಳಿ ನಿಂತ ಹೂವು ನೆನಪಾಯಿತು. ಎಷ್ಟು ಹೂವು! ನಿನ್ನೆ ಹೊಲದ ಬದುವಿನಲ್ಲಿ ನಿಂತಾಗ ಮೈಯೆಲ್ಲ ಜುಮ್ಮೆಂದಿತ್ತು. ತನ್ನ ನಲವತ್ತು ಪೆಟ್ಟಿಗೆ ಅಲ್ಲಿ ಸಾಲಾಗಿ ಕೂತು, ಬೆಳಗಿನ ಬಿಸಿಲಿಗೆ ಬಾಗಿಲು ತೆರೆದಾಗ ಹುಳಗಳು ಮೊದಲ ಸಲ ಆ ಹಳದಿಯನ್ನು ನೋಡುವ ಗಳಿಗೆಯನ್ನು ರಾತ್ರಿಯೆಲ್ಲ ಕಣ್ಣಿನಲ್ಲೇ ಕಂಡಿದ್ದಳು.

"ತಗೊಂಡು ಬಾ," ಎಂದಳು.

ವೆಲ್ಡರ್ ಸಿಲಿಂಡರ್ ಉರುಳಿಸಿಕೊಂಡು ಬಂದ. ನಳಿಕೆಗೆ ಕಿಡಿ ತಾಗಿಸಿದ. ಭುಸ್ಸೆಂದು ನೀಲಿ ನಾಲಿಗೆ ಎದ್ದಿತು. ಜೇನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಸರಿದಳು. ಅವನು ಬಗ್ಗಿದ.

"ನಿಲ್ಸಿ!"

ಯಾರು ಕೂಗಿದ್ದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಆ ಹುಡುಗಿಗೆ ಅಂಥ ದನಿ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವಳಿಗೂ. ಅಡುಗೆಮನೆಯಿಂದ ಓಡಿಬಂದಿದ್ದಳು. ಎದೆಗೆ ಎರಡು ಡಬ್ಬಿ ಅವಚಿಕೊಂಡಿದ್ದಳು. ಎರಡನ್ನೂ ಗಾಡಿಯ ಮುಂದಿನ ಪಟ್ಟಿಯ ಮೇಲೆ, ಬಾಣದ ಪಕ್ಕದಲ್ಲೇ, ಟಪ್ ಟಪ್ಪೆಂದು ಇಟ್ಟಳು. ಉ. ಉ.

"ಇದೇನೇ, ನಟ್ಟಿಗೆ ಉಪ್ಪು ಹಾಕಿ ಬೇಯಿಸ್ತೀಯಾ?"

"ಅತ್ತೆ, ಬಿ ಅಂದ್ರೆ ಏನು?"

"ಬಿಚ್ಚು. ಇನ್ನೆಷ್ಟು ಸಲ ಹೇಳ್ಬೇಕು?"

"ಬಿಗಿ ಅನ್ನೋಕೂ ಬಿ-ನೇ ಅಲ್ವಾ?"

ನೀಲಿ ಬೆಂಕಿ ಭುಸುಗುಟ್ಟುತ್ತಲೇ ಇತ್ತು. ಜೇನಕ್ಕ ಒಂದು ಉ ನೋಡಿದಳು. ಇನ್ನೊಂದು ಉ ನೋಡಿದಳು. ಬಿ ನೋಡಿದಳು. ಬೆಳಗಿನ ನೊರೆ ಮತ್ತೆ ಬಾಯಿಗೆ ಬಂದಂತಾಯಿತು.

"ಅಯ್ಯೋ ನನ್ನ ಕರ್ಮವೇ," ಎಂದು ಹಣೆ ಹಣೆ ಚಚ್ಚಿಕೊಂಡಳು. "ಮಧ್ಯಾಹ್ನದಿಂದ ನಾವು ಇದನ್ನ ಬಿಗೀತಾ ಕೂತಿದೀವಿ!"

ವೆಲ್ಡರ್ ಬೆಂಕಿ ಆರಿಸಿದ. ಗಂಟಲು ಸರಿಮಾಡಿಕೊಂಡು, "ನನಗೆ ಮೊದಲೇ ಅನುಮಾನ ಇತ್ತು ಅಕ್ಕಾ," ಎಂದ. ಜೇನಕ್ಕ ಅವನ ಕಡೆ ತಿರುಗಿದ ರೀತಿಗೆ ಎರಡು ಹೆಜ್ಜೆ ಹಿಂದೆ ಹೋದ.

ಜೇನಕ್ಕನಿಗೆ ಈಗ ನಗು ಬರುತ್ತಿತ್ತು, ಅಳು ಬರುತ್ತಿತ್ತು, ಎರಡಕ್ಕೂ ಹೊತ್ತಿರಲಿಲ್ಲ. ಮೂರು ಜನ ಸೇರಿ ನಾಲ್ಕು ಗಂಟೆ ಬಿಗಿದ ನಟ್ಟನ್ನು ಇನ್ನೊಂದು ಗಂಟೆಯಲ್ಲಿ ಬಿಚ್ಚಬೇಕಿತ್ತು. ಪಟ್ಟಿಯನ್ನು ಪುಲ್ಲಿಯ ಆ ಬದಿಗೆ ಬದಲಾಯಿಸಿದರು. ಸ್ಪ್ಯಾನರನ್ನು ಮಗುಚಿ ಹಾಕಿದರು. ವೆಲ್ಡರ್ ಪೈಪು ಸಿಕ್ಕಿಸಿ ಜೋತುಬೀಳಲು ಹೊರಟ.

"ಬೇಡ," ಎಂದಳು ಜೇನಕ್ಕ. "ತಳ್ಳೋದು ಬೇಡ."

ಅವಳಿಗೆ ಹಳೆಯದೊಂದು ಗಳಿಗೆ ನೆನಪಾಗಿತ್ತು. ಅಮ್ಮನ ಅಡುಗೆಮನೆ. ಮುಚ್ಚಳ ಕಚ್ಚಿಕೊಂಡ ಒಂದು ಗಾಜಿನ ಶೀಷೆ. ಆರು ವರ್ಷದ ತಾನು ಮುಖ ಕೆಂಪಾಗುವ ತನಕ ತಿರುಚಿ ತಿರುಚಿ ಅಳುತ್ತಿದ್ದಾಗ ಹತ್ತು ವರ್ಷದ ಅಣ್ಣ ಅದನ್ನು ಕಿತ್ತುಕೊಂಡು, ಮುಚ್ಚಳದ ಅಂಚಿಗೆ ಚಮಚದಿಂದ ಚುರುಕಾಗಿ ಒಂದೇ ಏಟು ಕೊಟ್ಟಿದ್ದ. 'ತಳ್ಳಿದ್ರೆ ಅದೂ ತಳ್ಳುತ್ತೆ ಕಣೇ. ಬೆಚ್ಚಿಬೀಳಿಸ್ಬೇಕು' ಅಂದಿದ್ದ. ಆಗಲೂ ಮೇಸ್ತ್ರಿಯ ಹಾಗೇ ಮಾತಾಡುತ್ತಿದ್ದ.

"ಪೈಪು ತೆಗಿ. ಚಿಕ್ಕ ಹಿಡಿ ಸಾಕು. ಆ ದೊಡ್ಡ ಸುತ್ತಿಗೆ ಕೊಡು. ನೀನು ಪಟ್ಟಿ ಬಿಟ್ಟರೆ ನನ್ನ ಕೈ ಹೋಗುತ್ತೆ, ನೆನಪಿರ್ಲಿ."

"ಪ್ರಾಣ ಹೋದ್ರೂ ಬಿಡಲ್ಲ ಅಕ್ಕಾ."

"ಪ್ರಾಣ ಆಮೇಲೆ. ಪಟ್ಟಿ ಹಿಡಿ."

ಹುಡುಗಿ ಟಾರ್ಚು ಹಿಡಿದು ನಟ್ಟಿಗೆ ಬೆಳಕು ಬಿಟ್ಟಳು. ನಟ್ಟಿನ ಅಂಚಿನಿಂದ ದಂಡದ ಬುಡಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಕೂದಲೆಳೆಯಷ್ಟು ಕದಲಿದರೂ ಕಾಣಬೇಕು. ಜೇನಕ್ಕ ಸುತ್ತಿಗೆ ಎತ್ತಿದಳು. ಬಾಣಕ್ಕೆ ಬೆನ್ನು ಹಾಕಿದ ಕಡೆಗೆ, ಹಿಡಿಯ ತುದಿಗೆ, ಚುರುಕಾಗಿ ಒಂದು.

ಟಣ್!

"ಇಲ್ಲ," ಎಂದಳು ಹುಡುಗಿ.

ಇನ್ನೊಂದು. ಟಣ್! ತೋಳಿನ ಮೂಳೆಯವರೆಗೂ ಜುಮ್ಮೆಂದಿತು.

"ಇಲ್ಲ ಅತ್ತೆ. ನಿಂತಲ್ಲೇ ಇದೆ."

ಜೇನಕ್ಕ ಸುತ್ತಿಗೆ ಇಳಿಸಿ ಅಂಗೈ ಒರೆಸಿಕೊಂಡಳು. ನಟ್ಟಿನ ಕಡೆ ಬಗ್ಗಿ, ಕಿವಿಮಾತು ಹೇಳುವವಳ ಹಾಗೆ, "ನೋಡಪ್ಪಾ, ತಪ್ಪು ನಮ್ಮದೇ. ಇನ್ನು ಬಿಟ್ಟುಬಿಡು," ಎಂದಳು. ವೆಲ್ಡರ್ ನಗಲು ಹೋಗಿ, ಪಟ್ಟಿಯ ನೆನಪಾಗಿ, ತುಟಿ ಕಚ್ಚಿಕೊಂಡ. ಅವಳು ಹಿಂದಕ್ಕೆ ಹೆಜ್ಜೆಯಿಟ್ಟು, ಹೇಳದೆ ಕೇಳದೆ, ನಟ್ಟಿಗಷ್ಟೇ ಅಲ್ಲ ಅಲ್ಲಿದ್ದವರಿಗೂ ಸುಳಿವು ಕೊಡದೆ ಫಕ್ಕನೆ ಬೀಸಿದಳು.

ಟಕ್.

ಸದ್ದು ಬೇರೆಯಾಗಿತ್ತು. ಒಣಗಿದ ಕಡ್ಡಿ ಮುರಿದ ಹಾಗೆ. ಹುಡುಗಿ ಟಾರ್ಚು ಹತ್ತಿರ ತಂದಳು.

"ಗೆರೆ ಎರಡಾಗಿದೆ," ಎಂದಳು ಹುಡುಗಿ. ಆಮೇಲೆ ಕಿರುಚಿದಳು. "ಅತ್ತೆ! ಗೆರೆ ಎರಡಾಗಿದೆ!"

ಜೇನಕ್ಕ ಸುತ್ತಿಗೆ ಬಿಸಾಕಿ ಫ್ಯಾನಿಗೆ ಕೈಹಾಕಿದಳು. ತಿರುಗಿತು. ಕೈಯಲ್ಲೇ ತಿರುಗಿತು. ಒಂದು ಸುತ್ತು, ಎರಡು ಸುತ್ತು, ಬೆಣ್ಣೆಯ ಹಾಗೆ. ಕೊನೆಯ ಸುತ್ತಿಗೆ ಕ್ಲಚ್ಚು ರೆಕ್ಕೆಗಳ ಸಮೇತ ಅವಳ ತೋಳಿಗೆ ಬಿತ್ತು. ಹೆತ್ತ ಮಗುವಿನ ಹಾಗೆ ಅದನ್ನು ಎತ್ತಿ ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕಿದಳು. ಐವತ್ತು ದಾಟಿದ ಹೆಂಗಸು, ಮೊಣಕೈವರೆಗೆ ಗ್ರೀಸು, ಕುಣಿದೇಬಿಟ್ಟಳು. ವೆಲ್ಡರ್ ಪಟ್ಟಿಯನ್ನು ಸಿಲಿಂಡರಿಗೆ ಬಡಿದು ತಾಳ ಹಾಕಿದ. ಬೀದಿಯ ಆಚೆ ಯಾರೋ ಕಿಟಕಿ ತೆರೆದು ನೋಡಿ, ಜೇನಕ್ಕನ ಮನೆಯೆಂದು ತಿಳಿದು, ಮತ್ತೆ ಮುಚ್ಚಿದರು.

"ಸಾಕು, ಸಾಕು. ಗಂಟೆ ಎಷ್ಟು?"

"ಐದೂ ಇಪ್ಪತ್ತು."

ಅಲ್ಲಿಂದ ಮುಂದೆ ಯಾರ ಕೈ ಯಾರದೆಂದು ತಿಳಿಯದಂತೆ ಕೆಲಸ ನಡೆಯಿತು. ನಾಲ್ಕು ಬೋಲ್ಟ್ ಬಿಚ್ಚಿ ರೆಕ್ಕೆಗಳನ್ನು ಹೊಸ ಕ್ಲಚ್ಚಿಗೆ ವರ್ಗಾಯಿಸಿದರು. ದಂಡದ ತುದಿಯನ್ನು ಬಟ್ಟೆಯಿಂದ ಒರೆಸಿದರು. ಹೊಸದನ್ನು ಕೈಯಲ್ಲೇ ಕೂರಿಸಿ, ಬಾಣದ ಕಡೆಗೆ, ಈ ಸಲ ನಿಜವಾಗಿಯೂ ಬಾಣದ ಕಡೆಗೆ, ತಿರುಗಿಸಿದಾಗ ಅದು ಮುಚ್ಚಳದಷ್ಟೇ ಸಲೀಸಾಗಿ ಒಳಗೆ ಹೋಯಿತು. ಸ್ಪ್ಯಾನರಿನಿಂದ ಒಂದು ಕೊನೆಯ ಎಳೆತ. ಪ್ಲಾಸ್ಟಿಕ್ ಮುಚ್ಚಿಗೆ ಹಾಕಿದರು, ರಟ್ಟು ತೆಗೆದರು, ಎರಡು ಉ ಡಬ್ಬಿಗಳನ್ನು ಎತ್ತಿಟ್ಟರು. ಕೀ ತಿರುಗಿಸಿದಾಗ ಎಂಜಿನ್ ಗುಡುಗಿ ಎದ್ದಿತು. ಹತ್ತು ನಿಮಿಷ ಹಾಗೇ ಓಡಲು ಬಿಟ್ಟಳು. ಎಂಜಿನ್ ಕಾದಂತೆ ಫ್ಯಾನಿನ ಸದ್ದು ಏರುತ್ತ ಏರುತ್ತ ಹೋಗಿ ದೊಡ್ಡ ಗಾಳಿಯಾಯಿತು. ಬಿಸಿಯ ಮುಳ್ಳು ನಡುವಿಗೆ ಬಂದು, ಹೇಳಿದ ಮಾತು ಕೇಳುವ ಮಗುವಿನಂತೆ ಅಲ್ಲೇ ಕೂತಿತು.

ಆರೂವರೆಗೆ ಕೊನೆಯ ಹುಳ ಬಂತು. ಮುಖಕ್ಕೆ ಬಲೆ ಕಟ್ಟಿಕೊಂಡು ಬಾಗಿಲಿಗೆ ಜಾಲರಿ ಹೊಡೆದು, ಪೆಟ್ಟಿಗೆಗಳನ್ನು ಹೊತ್ತು ತಂದು ಸಾಲಾಗಿ ಜೋಡಿಸಿ ಪಟ್ಟಿ ಬಿಗಿದರು. ವೆಲ್ಡರ್ ಬೆಂಕಿಗೆ ಹೆದರದವನು, ಹುಳಕ್ಕೆ ಹೆದರಿ ಗೋಡೆಯಾಚೆಯಿಂದಲೇ ಎಣಿಸಿದ. "ಮೂವತ್ತೊಂಬತ್ತು. ನಲವತ್ತು. ಹೋಗಿ ಬನ್ನಿ ಅಕ್ಕಾ!"

ಜೇನಕ್ಕ ಚಾಲಕನ ಸೀಟಿನಲ್ಲಿ ಕೂತಳು. ಬಾಗಿಲು ಹಾಕಿ ಎಂಜಿನ್ ಶುರುಮಾಡಿದಳು. ಹೊರಡಲಿಲ್ಲ. ಹುಡುಗಿ ಪಕ್ಕದಲ್ಲಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಗಳ ಲೆಕ್ಕ ಬರೆದಳು. ಕೊನೆಗೆ ಜೇನಕ್ಕ ಕೈಚಾಚಿದಳು.

"ನಿನ್ನ ಫೋನ್ ಕೊಡು. ಸಹಾಯ ಕೇಳೋಕಲ್ಲ. ಬೈಯೋಕೆ."

ಒಂದೇ ರಿಂಗಿಗೆ ಆ ಕಡೆಯಿಂದ ದನಿ ಬಂತು. "ಏನಮ್ಮಾ ಮಗಳೇ?"

"ಮಗಳಲ್ಲ, ನಾನು. ಪೂರ್ತಿ ಬರೆಯೋಕೆ ನಿನಗೆ ಬಣ್ಣ ಸಾಲದೇ ಹೋಗಿತ್ತಾ?"

ಆ ಕಡೆ ಗ್ಯಾರೇಜಿನಲ್ಲಿ ಏನೋ ಕೆಳಗಿಟ್ಟ ಸದ್ದು.

"ಎಲ್ಲಿ?" ಎಂದ ಅಣ್ಣ.

"ರೇಡಿಯೇಟರ್ ಪಟ್ಟಿ ಮೇಲೆ. ಬಿ."

"ಬಿ ಅಂದ್ರೆ ಬಿಗಿ."

"ಬಿ ಅಂದ್ರೆ ಬಿಚ್ಚು!"

"ಬಿಚ್ಚೋ ಕಡೆಗೆ ಯಾವ ಹುಚ್ಚ ಗುರುತು ಹಾಕ್ತಾನೆ? ಬಿಗಿಯಾಗಿ ಕೂತಿದೆಯಾ ಅನ್ನೋದಲ್ವಾ ನೋಡ್ಬೇಕಾದ್ದು. ಗಾಡಿ ಕೊಡೋ ಹಿಂದಿನ ದಿನ ಕೂತು ಎಲ್ಲಾದಕ್ಕೂ ಬರೆದೆ. ಗುಡ್ಡ ಹತ್ತೋಳು, ಒಂಟಿಯಾಗಿ ಓಡಾಡೋಳು, ದಾರೀಲಿ ಏನಾದ್ರೂ ಸಡಿಲ ಆದ್ರೆ..." ಅಲ್ಲಿಗೆ ನಿಲ್ಲಿಸಿದ. ಮತ್ತೆ ಹಳೆಯ ದನಿಯಲ್ಲಿ, "ಅಮ್ಮನ ಹಾಗೆ ಎರಡು ಡಬ್ಬಿ ಮೇಲೂ ಉ ಅಂತ ಬರೆಯೋದು ಬಿಟ್ಟಿದೀಯೋ ಇಲ್ವೋ?"

ಜೇನಕ್ಕ ಹುಡುಗಿಯ ಕಡೆ ಕಣ್ಣು ಕೆಂಪಗೆ ಮಾಡಿ ನೋಡಿದಳು. ಹುಡುಗಿ ತಾನೇನೂ ಹೇಳಿಲ್ಲವೆಂದು ತಲೆಯಲ್ಲಾಡಿಸಿದಳು. 

"ಬಿಚ್ಚಿದ್ರಾ ಕೊನೆಗೆ?" ಎಂದ ಅಣ್ಣ.

"ಬಿಚ್ಚಿ, ಹೊಸದು ಹಾಕಿ, ನಲವತ್ತು ಪೆಟ್ಟಿಗೆ ಹೇರಿ ಕೂತಿದೀನಿ. ನಿನ್ನ ಬಾಗಿಲಿಗೆ ಬಂದಿಲ್ಲ. ಅದು ನೆನಪಿರ್ಲಿ."

"ಬಂದಿಲ್ಲ. ಆಯ್ತು, ಸೋತೆ." ಅವನು ಕೆಮ್ಮಿದ. "ಫೋನ್ ಬಾನೆಟ್ ಹತ್ರ ಹಿಡಿ. ಸದ್ದು ಕೇಳ್ಬೇಕು."

ಬೇಡ ಅನ್ನಬಹುದಿತ್ತು. ಜೇನಕ್ಕ ಇಳಿದಳು, ಹಿಂದೆಯೇ ಹುಡುಗಿಯೂ. ಬಾನೆಟ್ ಎತ್ತಿ, ಫೋನನ್ನು ಗಾಳಿ ಬೀಸುವ ಕಡೆಗೆ ಚಾಚಿ ಹಿಡಿದು ನಿಂತಳು. ಫ್ಯಾನು ಗರ್ಜಿಸಿತು. ಹಿಂದೆ ನಲವತ್ತು ಪೆಟ್ಟಿಗೆಗಳಲ್ಲಿ ಜೇನು ಸಣ್ಣಗೆ ಗುಂಯ್‌ಗುಡುತ್ತಿತ್ತು. ಅಣ್ಣ ಬಹಳ ಹೊತ್ತು ಕೇಳಿದ. ಕೈ ಸೋತರೂ ಅವಳು ಇಳಿಸಲಿಲ್ಲ.

"ಸರಿಯಾಗಿ ಕೂತಿದೆ," ಎಂದ ಕೊನೆಗೆ. "ಏರಲ್ಲಿ ಎರಡನೇ ಗೇರು. ಹೋಗು."

ಬಾನೆಟ್ ಮುಚ್ಚುವ ಮುಂಚೆ ಜೇನಕ್ಕ ಹುಡುಗಿಯ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು, ಬಿ ಪಕ್ಕದಲ್ಲಿ, ಸೊಟ್ಟಗೆ, ಅವಸರದಲ್ಲಿ, ಗಿ ಎಂದು ಬರೆದಳು.